ದುರ್ಬೀನಿನ ಬಂದೂಕು ಮತ್ತು ನಮ್ಮ ಭಾವ

ನಾನು ಸ್ನೈಪರ್ ಆಗಿದ್ದೆ. ಏನೋ ದೊಡ್ಡ ಶೌರ್ಯ ಅಂದುಕೊಳ್ಳಬೇಡಿ. ದುರ್ಬೀನು ಕೂರಿಸಿದ ಉದ್ದ ಬಂದೂಕು ಹಿಡಿದು, ನೀರಿನ ಟ್ಯಾಂಕಿನ ಮೇಲೆ ಬೋರಲು ಮಲಗಿ, ಎಲ್ಲೋ ದೂರದಲ್ಲಿ ತನ್ನ ಪಾಡಿಗೆ ಓಡುತ್ತಿರುವವನ ತಲೆಗೆ ಗುರಿಯಿಡುವ ಹೇಡಿಯ ಕಸುಬು ಅದು. ಟ್ಯಾಂಕೂ ತಲೆಯೂ ಕಂಪ್ಯೂಟರಿನೊಳಗೇ ಇದ್ದವು ಎಂಬುದಷ್ಟೇ ಸಮಾಧಾನ.

ತೊಂಬತ್ತೊಂಬತ್ತನೆಯ ಇಸವಿ. ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೊಂದಕ್ಕೆ ಕಂಪ್ಯೂಟರ್ ಸೆಂಟರ್ ಎಂದು ಬೋರ್ಡು ಹಾಕಿದ್ದರು. ನಾನು ಅಲ್ಲಿ ಕಲಿಯುತ್ತಿದ್ದೆ. ಇದ್ದದ್ದು ನಾಲ್ಕು ಕಂಪ್ಯೂಟರ್, ಅವನ್ನು ಒಂದಕ್ಕೊಂದು ಕಟ್ಟಿದ ವೈರು. ಇಂಟರ್‌ನೆಟ್ ಹೆಸರಷ್ಟೇ ಕೇಳಿದ್ದ ನಮಗೆ ಆ ವೈರೇ ಆನ್‌ಲೈನು. ಭಾನುವಾರ ಪಾಠವಿಲ್ಲದಾಗ ಅಲ್ಲಿ ಬಂದೂಕಿನ ಆಟ ನಡೆಯುತ್ತಿತ್ತು.

ಅಕ್ಕನ ಗಂಡನಿಗೆ ಸೊರಬದಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ. ಭಾನುವಾರ ನಮ್ಮ ಮನೆಗೆ ಬಂದು, ಹೊಟ್ಟೆ ತುಂಬ ಉಂಡು, ನನ್ನ ಜೊತೆ ಸೆಂಟರಿಗೂ ಬರುತ್ತಿದ್ದರು. ಅವರ ಆಟಕ್ಕೆ ಬುದ್ಧಿಯ ಹಂಗಿರಲಿಲ್ಲ. ಗಿಡ್ಡ ಬಂದೂಕು ಹಿಡಿದು ನುಗ್ಗುವುದು, ಸಿಕ್ಕವರಿಗೆ ಬಡಿಯುವುದು. ನಾನು ಸತ್ತಾಗಲೆಲ್ಲ ಪಕ್ಕದ ಕುರ್ಚಿಯಿಂದ, “ಎಂತ ಮಾರಾಯ, ಹತ್ರ ಬಂದ್ರೆ ಉಚ್ಚೆ ಹೊಯ್ಕೊಳ್ತೀಯಲ್ಲ” ಎನ್ನುತ್ತಿದ್ದರು. ಅವರ ನಗುವನ್ನು ನಾನು ದ್ವೇಷಿಸುತ್ತಿದ್ದೆ.

ಅಕ್ಕನಿಗೆ ಕಂಪ್ಯೂಟರ್ ಕಲಿಯುವ ಆಸೆ. ದೀಪಾವಳಿ ಕಳೆದ ಮೇಲೆ ಸೊರಬದಲ್ಲೇ, ಅವಳ ಮನೆಯಿಂದ ಹತ್ತು ಹೆಜ್ಜೆಯಲ್ಲಿ, ಹೆಂಗಸರಿಗೆಂದೇ ತರಗತಿ ಶುರುವಾಗುವುದಿತ್ತು. ಹಬ್ಬದೊಳಗೆ ಹೆಸರು ಬರೆಸಬೇಕು. ಅವಳು ಕೇಳಿದ್ದಕ್ಕೆ ಭಾವ, “ಕಂಪ್ಯೂಟರಲ್ಲಿ ಸಾರಿಗೆ ಒಗ್ಗರಣೆ ಹಾಕ್ತೀಯಾ?” ಎಂದು ನಕ್ಕು ಮಾತು ಮುಗಿಸಿದ್ದರು. “ನೀನು ಅದೇ ಕಲಿಯೋನು, ನೀನು ಹೇಳಿದ್ರೆ ಕೇಳ್ತಾರೆ ಕಣೋ” ಎಂದು ಅಕ್ಕ ನನ್ನ ಕೈ ಹಿಡಿದುಕೊಂಡಳು. ನಾನು ಹೂಂ ಎಂದೆ. ಭಾವನನ್ನು ಅಡುಗೆಮನೆಯಲ್ಲಿ ನಿಂತು ಬೈಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಪಡಸಾಲೆಗೆ ಬಂದರೆ ನಾಲಿಗೆ ಬಿದ್ದುಹೋಗುತ್ತಿತ್ತು.

ಮೊದಲು ಆಟದಲ್ಲಿ ಇವರ ಸೊಕ್ಕು ಮುರಿಯುತ್ತೇನೆ, ಆ ಧೈರ್ಯದಲ್ಲಿ ಮಾತಾಡುತ್ತೇನೆ ಎಂದು ಲೆಕ್ಕ ಹಾಕಿದೆ. ಇಂಥ ಲೆಕ್ಕ ಹಾಕಲು ಎಷ್ಟು ದಡ್ಡತನ ಬೇಕೋ ಅಷ್ಟೂ ನನ್ನಲ್ಲಿತ್ತು.

ನನ್ನ ರೋಗ ಕಂಡುಹಿಡಿದವನು ತಾಳಗುಂದದ ಕಡೆಯ ಸಹಪಾಠಿ, ಕುರಿ ಸಾಕುವ ಮನೆಯವನು. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾನೆಂದು ಅವನನ್ನೂ ನಾನು ಕೀಳಾಗಿಯೇ ಕಾಣುತ್ತಿದ್ದೆ. ಒಂದು ದಿನ ನಾನು ಆಡುವಾಗ ಹಿಂದೆ ನಿಂತು ನೋಡಿ ಕೇಳಿದ: “ಅಲ್ರೀ, ನಿಮ್ ಭಾವ ಬಾಗಿಲಾಗೆ ಎದುರಾದ್ರೆ ನೀವ್ಯಾಕೆ ಹಿಂದಕ್ಕೆ ಸರಿದು ದಾರಿ ಬಿಡ್ತೀರಿ?”

ನಿಜ. ನಮ್ಮಲ್ಲಿ ಮನೆಯ ಅಳಿಯ ಬಾಗಿಲಲ್ಲಿ ಎದುರಾದರೆ ಪಕ್ಕಕ್ಕೆ ನಿಂತು, “ಬರ್ರಿ” ಅನ್ನುವುದು ರೂಢಿ. ನನ್ನ ಬೆರಳುಗಳು ಕೀಬೋರ್ಡಿನ ಮೇಲೂ ಆ ಮರ್ಯಾದೆ ಪಾಲಿಸುತ್ತಿದ್ದವು. ಭಾವ ಮರ್ಯಾದೆಯಿಂದಲೇ ಒಳಗೆ ಬಂದು ನನ್ನ ಎದೆ ಸೀಳುತ್ತಿದ್ದರು.

“ಕುರಿ ಮ್ಯಾಲೆ ತೋಳ ಬಿದ್ದಾಗ ಯಾರಾದ್ರೂ ಕವಣಿ ಹುಡುಕ್ತಾರೇನ್ರೀ? ಕೈಯಾಗಿನ ಕೋಲ್ಲೇ ಬಾರಿಸ್ಬೇಕು” ಎಂದ ಅವನು, ಎರಡು ವಾರ ನನ್ನನ್ನು ತಿದ್ದಿದ. ಕಾಲಿನ ಸಪ್ಪಳ ಹತ್ತಿರವಾದ ಕೂಡಲೇ ಉದ್ದ ಬಂದೂಕು ಬಿಟ್ಟು ಪಿಸ್ತೂಲು ತೆಗೆಯುವುದು. ತಲೆ ಹುಡುಕದೆ ಎದೆಗೆ ಹೊಡೆಯುವುದು. ಗುರಿಯ ಚುಕ್ಕೆಯನ್ನು ಮೊದಲೇ ಬಾಗಿಲಿನ ಎದೆಮಟ್ಟಕ್ಕೆ ಇಟ್ಟುಕೊಂಡು ಕಾಯುವುದು. ಹೊಡೆದ ಮೇಲೆ ಅಡ್ಡಕ್ಕೆ ಜರುಗುವುದು. ಎಲ್ಲಕ್ಕಿಂತ ಕಷ್ಟವಾದದ್ದು ಹಿಂದಕ್ಕೆ ಹೋಗುವ ಗುಂಡಿಯನ್ನು ಮರೆಯುವುದು. ಕೊನೆಗೆ ಅವನು ಆ ಗುಂಡಿಯ ಮೇಲೆ ತನ್ನ ಹೆಬ್ಬೆರಳು ಅಡ್ಡ ಇಟ್ಟುಕೊಂಡೇ ಕಲಿಸಿದ.

ಹಬ್ಬದ ಹಿಂದಿನ ಭಾನುವಾರ ಭಾವ ಬಂದರು. ಆಟದೊಳಗಿನ ಉಗ್ರಾಣದ ಬಾಗಿಲಲ್ಲಿ ಎದುರಾದರು. ನಾನು ಹಿಂದೆ ಸರಿಯಲಿಲ್ಲ. ಮೂರು ಗುಂಡು, ಎದೆಗೆ. ಆಮೇಲೆ ಮತ್ತೆ ನಾಲ್ಕು ಸಲ ಹಾಗೆಯೇ. ಭಾವ ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು. ಅವರು ನಗುತ್ತಿದ್ದರು, ಆದರೆ ಮೊದಲಿನ ನಗು ಅದಲ್ಲ. “ಪರ್ವಾಗಿಲ್ವೋ, ಗಂಡಸಾದೆ” ಎಂದರು. ಆಮೇಲೆ ತಾವಾಗಿಯೇ, “ನಿನ್ನ ಅಕ್ಕ ಹೇಳಿದ್ಲು, ನೀನು ನನ್ಹತ್ರ ಎಂತೋ ಮಾತಾಡ್ಬೇಕಂತೆ. ಎಂತದು?” ಎಂದರು.

ಒಂದು ಮೊಳ ದೂರದಲ್ಲಿ ಕೂತಿದ್ದರು. ನಿಜವಾಗಿಯೂ ಕಿವಿಗೊಟ್ಟಿದ್ದರು.

“ಎಂತದೂ ಇಲ್ಲ ಭಾವ” ಎಂದೆ. “ಟೀ ಕುಡಿಯೋಣ ಬನ್ನಿ.”

ಹಬ್ಬಕ್ಕೆ ಬಂದ ಅಕ್ಕ ಚಪ್ಪಲಿ ಬಿಡುವ ಮುಂಚೆಯೇ ನನ್ನನ್ನು ಪಕ್ಕಕ್ಕೆ ಕರೆದು, “ಕೇಳಿದ್ಯಾ?” ಎಂದಳು. “ಕೇಳ್ದೆ” ಎಂದೆ. “ಒಪ್ಪಲಿಲ್ಲ.” ಅವಳು ನನ್ನ ಭುಜ ತಟ್ಟಿ, “ಹೋಗ್ಲಿ ಬಿಡು, ನೀನಾದ್ರೂ ನನ್ನ ಪರವಾಗಿ ಮಾತಾಡಿದ್ಯಲ್ಲ” ಎಂದಳು. ಆ ಹಬ್ಬ ಮುಗಿಯುವವರೆಗೆ ಅವಳು ಗಂಡನ ಜೊತೆ ಮಾತಾಡಲಿಲ್ಲ. ನನಗೆ ಮಾತ್ರ ಎರಡು ಹೋಳಿಗೆ ಹೆಚ್ಚು ಬಡಿಸಿದಳು.