ಹತ್ತು ಗಂಟೆಯ ಫೋಟೋ

ಹೊನ್ನಾವರದ ಅಳಿವೆಯ ಹತ್ತಿರ ಸೇತುವೆಯೊಂದರ ಅಡಿಪಾಯ ಏಳುತ್ತಿದ್ದಾಗ ನಾನು ಅಲ್ಲಿ ಸೂಪರ್‌ವೈಸರ್. ಹೊಂಡದೊಳಗೆ ಆಳುಗಳು ಇಳಿಯಬೇಕಾದರೆ ಮೊದಲು ನೀರು ಇಳಿಯಬೇಕು. ಇಳಿತದ ಹೊತ್ತು ದಿನಾ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ನಮ್ಮಲ್ಲಿ ನೀರಿಳಿದಾಗ ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕುವ ಹೆಂಗಸರಿಗೂ ಗೊತ್ತಿರುವ ಈ ಮಾತು ಹೆಡ್ ಆಫೀಸಿನ ಎಸಿಯಲ್ಲಿ ಕೂತ ಮಹಾನುಭಾವರಿಗೆ ಗೊತ್ತಿರಲಿಲ್ಲ.

ಕೆಲಸ ಅಳೆಯಲು ಅವರು ಹೊಸ ಪದ್ಧತಿ ತಂದರು. ಸೋಮವಾರ, ಬುಧವಾರ, ಶನಿವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಪ್ರತಿ ಗ್ಯಾಂಗಿನ ಒಂದು ಫೋಟೋ ಕಳಿಸಬೇಕು. ಕೆಲಸ ಮಾಡುತ್ತಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೂರೂ ಕೆಂಪಾದರೆ ಗ್ಯಾಂಗು ಹೊರಗೆ. ಈ ಕೆಂಪು-ಹಸಿರಿನ ಲೆಕ್ಕವನ್ನು ಆಳುಗಳಿಗೆ ತಿಳಿಸಕೂಡದೆಂದು ಅಪ್ಪಣೆ ಬೇರೆ.

ನಮ್ಮ ಮೇಸ್ತ್ರಿ ಕುಮಟಾ ಕಡೆಯ ಹಿರಿಯರು. ಆ ಸೋಮವಾರ ಬೆಳಗಿನ ಐದಕ್ಕೇ ಎಂಟು ಜನರನ್ನು ಇಳಿಸಿ, ಕೆಸರು ತೆಗೆಸಿ, ಕಬ್ಬಿಣ ಕಟ್ಟಿಸಿದ್ದರು. ಹತ್ತರ ಹೊತ್ತಿಗೆ ಹೊಂಡ ತುಂಬಿ ಎಲ್ಲರೂ ಗಂಜಿ ಉಣ್ಣುತ್ತಿದ್ದರು. ಕೆಂಪು. ಬುಧವಾರವೂ ಅದೇ. ‘ಭರತದ ನೀರು ಏರಿ ಹೊಂಡ ತುಂಬಿದೆ’ ಎಂದು ಷರಾ ಬರೆದೆ. ‘ನೆಪ ಬೇಡ’ ಎಂದು ಉತ್ತರ ಬಂತು. ನನ್ನ ಮೈಯೆಲ್ಲ ಉರಿಯಿತು.

ಶನಿವಾರ ಹತ್ತಕ್ಕೆ ನೀರು ತಳದಲ್ಲಿತ್ತು, ಎಂಟೂ ಜನ ಕೆಸರಿನಲ್ಲಿ ಬೆನ್ನು ಬಗ್ಗಿಸಿದ್ದರು. ಬಚಾವಾದೆವು ಅಂದುಕೊಂಡು ಮೊಬೈಲ್ ಎತ್ತಿದೆ. ಮೇಸ್ತ್ರಿ ನೋಡಿಬಿಟ್ಟರು.

"ತಡೀರಿ ಮಾರಾಯ್ರೆ, ಹೀಂಗೆ ಕೆಸರಲ್ಲಿ ಎಂತಾ ಫೋಟೋ? ಏಯ್, ಎಲ್ಲಾ ಮೇಲೆ ಬನ್ನಿ."

"ಬೇಡ, ನೀವು ಕೆಲಸ ಮಾಡ್ತಾ ಇರಿ" ಅಂದೆ. ಯಾರು ಕೇಳುತ್ತಾರೆ? ದೊಡ್ಡ ಆಫೀಸಿಗೆ ಹೋಗುವ ಫೋಟೋ ಎಂದಷ್ಟೇ ಅವರಿಗೆ ಗೊತ್ತು. ಕೈಕಾಲು ತೊಳೆದು, ಹೆಲ್ಮೆಟ್ ಸರಿಮಾಡಿಕೊಂಡು ಸಾಲಾಗಿ ನಿಂತರು. ಕಾರಣ ಹೇಳಿದ್ದರೆ ಒಂದು ನಿಮಿಷದಲ್ಲಿ ಮತ್ತೆ ಇಳಿಯುತ್ತಿದ್ದರು. ನನ್ನ ಕೆಲಸ ಹೋದೀತೆಂಬ ಹೆದರಿಕೆಗೆ ಅದನ್ನು ಹೇಳದೆ ಬಟನ್ ಒತ್ತಿ, "ಚೆನ್ನಾಗಿ ಬಂದಿದೆ" ಅಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಮೂರನೆಯದೂ ಕೆಂಪಾಗಿ, ಸೋಮವಾರ ಗ್ಯಾಂಗನ್ನು ತೆಗೆದರು. ವಾರ ಕಳೆದು, ಹತ್ತರ ಹೊತ್ತಿಗೆ ಮತ್ತೆ ಭರತ ಬರುವ ದಿನಗಳಲ್ಲಿ, ಹೊಸಬರು ಒಂಬತ್ತಕ್ಕೆ ಬಂದು ತುಂಬಿದ ಹೊಂಡದ ಸುತ್ತ ಬುಟ್ಟಿ ಹಿಡಿದು ತಿರುಗಿದರು. ಹಸಿರು ಬಂತು. ಅಡಿಪಾಯ ಒಂದು ಗೇಣೂ ಮೇಲೇಳಲಿಲ್ಲ.

ಮೇಸ್ತ್ರಿ ಹೊರಡುವಾಗ ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಚೀಲ ಹೆಗಲಿಗೇರಿಸಿ, "ಆತು, ಬರ್ತೆ. ಮೊನ್ನೆ ತೆಗೆದ ಫೋಟೋ ಒಂದು ಕಳ್ಸಿ, ಆತಾ? ಚಲೋ ಬಂದದೆ ಅಂದ್ರಲ್ಲ, ಮನೇಲಿ ತೋರಿಸ್ಬೇಕು" ಅಂದರು.

ಅದು ಇನ್ನೂ ನನ್ನ ಮೊಬೈಲಿನಲ್ಲೇ ಇದೆ. ಕಳಿಸಿಲ್ಲ.