ಗಾಳಿಬೀಡಿನ ಏರಿನಲ್ಲಿ ಎರಡು ಸದ್ದು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡನೆಯ ವರ್ಷ. ನಾನು ಹುಟ್ಟುವ ಮೊದಲೇ ಅಪ್ಪ ಕೊಂಡಿದ್ದ ಕಾರಿನಲ್ಲಿ ಅಮ್ಮ, ಹೆಂಡತಿ, ಮಗಳನ್ನು ಕೂರಿಸಿಕೊಂಡು ಮೈಸೂರಿನಿಂದ ಕೊಡಗಿಗೆ ಹೊರಟಿದ್ದೆ. ಗಾಳಿಬೀಡಿನ ಏರಿನಲ್ಲಿ ಸೈಲೆನ್ಸರ್ ಒಂದರ ಹಿಂದೊಂದು ಎರಡು ಸಲ ಢಮ್ಮೆಂದು ಎಂಜಿನ್ ನಿಂತಿತು. ಮಗಳು ನಕ್ಕಳು.

ಬಾನೆಟ್ ಎತ್ತಿ ನೋಡುವಷ್ಟರಲ್ಲಿ ಕಾಫಿ ತೋಟದಿಂದ ಜನ ಇಳಿದು ಬರತೊಡಗಿದರು. ಒಬ್ಬನ ಕೈಯಲ್ಲಿ ಕತ್ತಿ ಹಾಗೇ ಇತ್ತು. ಒಬ್ಬಾಕೆಯ ಬೆರಳಿಗೆ ಅಕ್ಕಿಹಿಟ್ಟು ಮೆತ್ತಿತ್ತು. ಮುಂದೆ ಬಂದ ಹಿರಿಯರು ತಲೆಯ ವಸ್ತ್ರ ತೆಗೆದು, "ಯಾರ ಮನೇಲಿ?" ಎಂದು ಮೆಲ್ಲಗೆ ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು: "ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಹೊಡೀತಾರೆ. ಸಾವಾದ್ರೆ ಎರಡು. ಕೇಳಿದವ್ರು ಕೆಲಸ ಬಿಟ್ಟು ಬರ್ಲೇಬೇಕು."

ಕಾರು ತೋರಿಸಿ, ತಪ್ಪಾಯಿತೆಂದೆ. ಯಾರೂ ಬೈಯಲಿಲ್ಲ. ಹಿಟ್ಟಿನ ಕೈಯವಳು ಮಾತ್ರ ರಸ್ತೆಯಂಚಿನಲ್ಲಿ ಕುಸಿದು ಕೂತಳು. ಏರಿನಾಚೆಗೇ ಅವಳ ತವರು. ತಾಯಿ ಅಲ್ಲಿ ತಿಂಗಳಿಂದ ಹಾಸಿಗೆ ಹಿಡಿದಿದ್ದರಂತೆ.

ಅಮ್ಮ ಇಳಿದು ಅವಳ ಪಕ್ಕ ಕೂತರು. "ಬಾ ತಾಯಿ, ಕಾರಲ್ಲೇ ಅಲ್ಲಿಗೆ ಬಿಡ್ತೀವಿ, ಒಂದ್ಸಲ ನೋಡ್ಕೊಂಡು ಬರುವಿಯಂತೆ."

"ಬೇಡಮ್ಮ," ಎಂದಳು ಅವಳು. "ಈ ಕಾರು ಆ ಮನೆ ಹತ್ರ ಸದ್ದು ಮಾಡೋದು ಬೇಡ. ಅವ್ವಂಗೆ ಕಿವಿ ಇನ್ನೂ ಚೆನ್ನಾಗಿ ಕೇಳ್ತದೆ."

ಎಂಜಿನ್ ಮತ್ತೆ ಚಾಲೂ ಮಾಡಲು ನನಗೆ ಮನಸ್ಸು ಬರಲಿಲ್ಲ. ಸಾವಿಗೆಂದು ಬಂದವರೇ ಕಾರಿಗೆ ಕೈಹಚ್ಚಿ, ಆ ಮನೆ ದಾಟುವವರೆಗೂ ಮಾತಿಲ್ಲದೆ ತಳ್ಳಿದರು. ಅಮ್ಮ ಅವರ ಹಿಂದೆ ಬರಿಗಾಲಲ್ಲಿ ನಡೆದು ಬಂದರು.