ಎಲ್ಲವ್ವನ ಹೊಲಿಗೆ

ಬಿಸಿಲಿಗೆ ಬವಳಿ ಬಂದು ಬೀಳಬಹುದು. ನಮ್ಮ ಕೆಂಪು ಖಾರದ ಒಂದು ತುತ್ತಿಗೇ ಹೊಟ್ಟೆ ಕೆಡಬಹುದು. ನಿಡಗುಂದಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಾದವಳು ನಿದ್ದೆ ಹೋಗಿ ಬೇರೆ ಜಿಲ್ಲೆ ಸೇರಬಹುದು. ಮಂಗ ಪಾಸ್‌ಪೋರ್ಟ್ ಒಯ್ಯಬಹುದು. ಆಪರೇಷನ್ ನಡುವೆ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಕತ್ತಲಲ್ಲಿ ಆಕೆ ಮೂರ್ಛೆ ಹೋಗಿ ಪೇಷಂಟಿನ ಮೇಲೆಯೇ ಬೀಳಬಹುದು. ಬಿದ್ದರೆ ಇಬ್ಬರಲ್ಲಿ ಮೊದಲು ಯಾರನ್ನು ನೋಡುವುದು?

ಬಸವನ ಬಾಗೇವಾಡಿಯ ನನ್ನ ಪುಟ್ಟ ಆಸ್ಪತ್ರೆಗೆ ಸ್ಕಾಟ್ಲೆಂಡಿನಿಂದ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿ ಸರ್ಜರಿ ಕಲಿಯಲು ಬರುತ್ತಾಳೆಂದು ತಿಳಿದ ದಿನವೇ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಇವತ್ತು ಬೆಳಿಗ್ಗೆ ವಿಜಯಪುರದ ಡಾಕ್ಟರ್ ಗೆಳೆಯ ಫೋನ್ ಮಾಡಿ, "ಇನ್ನೊಬ್ಬ ಹುಡುಗ ಬರಾಂವ ಅದಾನಪ್ಪ, ಇಟ್ಕೋತಿಯೇನು?" ಎಂದು ಕೇಳಿದಾಗ ಅದೆಲ್ಲ ನೆನಪಾಯಿತು. ಹೊಟ್ಟೆ ಕೊಯ್ಯುವ ಡಾಕ್ಟರಿಗೆ ಇಷ್ಟು ಅಂಜಿಕೆಯೇ ಎಂದು ನೀವು ನಗಬಹುದು. ಕೊಯ್ಯುವಾಗ ಇರುವುದಿಲ್ಲ. ಕೊಯ್ಯುವ ಮುಂಚೆ, ಕೊಯ್ದ ಮೇಲೆ, ಮತ್ತೆ ರವಿವಾರ ಇರುತ್ತದೆ. "ಚಿಂತಿ ಮಾಡಬ್ಯಾಡ್ರಿ" ಎಂದು ದಿನವಿಡೀ ಪೇಷಂಟುಗಳಿಗೆ ಹೇಳಿ, ಮನೆಗೆ ಬಂದು ಬಿಪಿ ಗುಳಿಗೆ ನುಂಗುವ ಪ್ರಾಣಿ ನಾನು.

ಆಗ ಬಂದ ಹುಡುಗಿಯ ಹೆಸರು ಎಲ್ಸ್‌ಪೆತ್. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಜನ ಅದನ್ನು ಎಲ್ಲವ್ವ ಮಾಡಿಟ್ಟಿದ್ದರು. ಗಾಯದ ಬಾಯಿ ಅಗಲಿಸುವ ಕೊಕ್ಕೆ ಹಿಡಿದು ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತಿದ್ದಳು. ಕೀವು ತುಂಬಿದ ಹುಣ್ಣನ್ನು ಮುಖ ಕಿವುಚದೆ ತೊಳೆಯುತ್ತಿದ್ದಳು. ಆದರೆ ಸೂಜಿ ಕೊಟ್ಟರೆ ಸಾಕು, ಏನೋ ಕೆಲಸ ನೆನಪಾದವಳಂತೆ ಹಿಂದೆ ಸರಿಯುತ್ತಿದ್ದಳು. ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಮುರಿಯುತ್ತ ಸಂಗತಿ ಹೇಳಿದಳು. ಹೊಲಿಗೆ ಹಾಕುವಾಗ ಅವಳ ಕೈ ನಡುಗುತ್ತದಂತೆ. ಇದು ಸರ್ಜನ್ನನ ಕೈಯಲ್ಲ ಎಂದು ಅಲ್ಲಿಯ ಗುರುಗಳು ಎಲ್ಲರೆದುರು ಅಂದುಬಿಟ್ಟಿದ್ದಾರಂತೆ. ಇಲ್ಲಿಯೂ ಆಗದಿದ್ದರೆ ಸರ್ಜರಿಯ ಆಸೆಯನ್ನೇ ಬಿಡುತ್ತಾಳಂತೆ.

ಅಂದಿನಿಂದ ಮಂಗ, ಜನರೇಟರು ಎಲ್ಲ ಮರೆತು, ನನ್ನ ಚಿಂತೆಯೆಲ್ಲ ಆ ಎರಡು ಕೈಗಳ ಮೇಲೆ ಬಂದು ಕೂತಿತು. ಬಾಳೆಹಣ್ಣಿನ ಸಿಪ್ಪೆ ಹೊಲಿಸಿದೆ. ದಿಂಬಿನ ಗವಸು ಹೊಲಿಸಿದೆ. "ಹರಿಲಾರದ್ದನ್ನೆಲ್ಲಾ ಹೊಲ್ಯಾಕತ್ತೀರಿ ಇಬ್ಬರೂ," ಎಂದು ಹೆಂಡತಿ ನಕ್ಕಳು.

ಹರಿದದ್ದು ಒಂದು ದಿನ ಬಂತು. ಇಂಗಳೇಶ್ವರದ ಶಂಕ್ರವ್ವ ಮೇವು ಕೊಯ್ಯುವಾಗ ಕುಡಗೋಲು ಜಾರಿ ಎಡಗೈಯ ಹೆಬ್ಬೆರಳಿನ ಬುಡ ಸೀಳಿಕೊಂಡು, ಅಳಿಯನ ಬೈಕಿನ ಹಿಂದೆ ಕೂತು ಬಂದಿದ್ದಳು. ಬೆರಳುಗಳನ್ನೆಲ್ಲ ಆಡಿಸಿ ನೋಡಿದೆ. ಪುಣ್ಯಕ್ಕೆ ಚರ್ಮ ಮಾತ್ರ ಹರಿದಿತ್ತು. "ಈಕಿ ಹೊಲಿಗಿ ಹಾಕಲೇನವಾ? ನಾ ಬಾಜೂಕ ನಿಂತಿರ್ತೇನಿ," ಎಂದೆ.

"ಬ್ಯಾಡ್ರಿ ಸಾಹೇಬ್ರ, ನೀವ ಹಾಕ್ರಿ. ಆ ಕೂಸಿನ ಕೈ ನೋಡ್ರಿ, ನನ್ನಕಿಂತಾ ಜಾಸ್ತಿ ನಡಗಾಕತ್ತಾವು."

ಎಲ್ಸ್‌ಪೆತ್‌ಗೆ ಅರ್ಥವಾಗಲು ಕನ್ನಡ ಬೇಕಿರಲಿಲ್ಲ. ಸೂಜಿಯ ತಟ್ಟೆ ಕೆಳಗಿಟ್ಟಳು. ನಾನು ಗ್ಲೌಸು ಹಾಕಿಕೊಂಡೆ. ಆಕೆ ಹೋಗಿಬಿಡುತ್ತಾಳೆಂದುಕೊಂಡರೆ ಹೋಗಲಿಲ್ಲ, ಶಂಕ್ರವ್ವನ ಬಲಗೈ ಹಿಡಿದು, ನಮ್ಮ ಅಡುಗೆಮನೆಯಲ್ಲಿ ಕಲಿತದ್ದನ್ನು ಕೇಳಿದಳು: "ಊಟ ಆತೇನ್ರಿ?"

ಶಂಕ್ರವ್ವ ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕಳು. "ಕೈ ಹರಕೊಂಡ ಬಂದೇನಿ, ಊಟ ಕೇಳ್ತಾಳ ನೋಡ್ರಿ ಇಕಿ! ಹಾಕವಾ, ನೀನ ಹಾಕು. ನೀ ನಡಗಬ್ಯಾಡ, ನಾನೂ ನಡಗೂದಿಲ್ಲ."

ಮೊದಲ ಹೊಲಿಗೆ ಸಡಿಲಾಯಿತು. ಆಕೆಯೇ ಬಿಚ್ಚಿ ಮತ್ತೆ ಹಾಕಿದಳು. ಎರಡನೆಯದು ನೆಟ್ಟಗೆ ಕೂತಿತು. ಆಮೇಲೆ ಆಕೆಯ ಕೈಗಳನ್ನು ನೋಡುವುದನ್ನು ಬಿಟ್ಟೆ, ಏಕೆಂದರೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ನನ್ನ ಕೈಗಳನ್ನೇ ಹಿಡಿದು ನಿಲ್ಲಿಸಬೇಕಿತ್ತು. ಕೊನೆಯ ಗಂಟು ಬಿದ್ದಾಗ ಬೆವತು ತೊಪ್ಪೆಯಾದವನು ನಾನೊಬ್ಬನೇ.

ಇವತ್ತು ಗೆಳೆಯನಿಗೆ "ಕಳಸು" ಎಂದುಬಿಟ್ಟೆ. ಬಿಸಿಲು, ಬಸ್ಸು ಯಾವುದೂ ಬಾಯಿಗೆ ಅಡ್ಡ ಬರಲಿಲ್ಲ. "ಆರಾಮ ಅದಿ ಹೌದಿಲ್ಲೋ?" ಎಂದು ಅವನಿಗೇ ಚಿಂತೆಯಾಯಿತು.

ಹಾಗಾದರೆ ಎಲ್ಲವ್ವನ ಕಾಲದಲ್ಲಿ ಏನೂ ಕೆಡಲಿಲ್ಲವೇ? ಒಂದು ಕೆಟ್ಟಿತು. ಅಂದು ಶಂಕ್ರವ್ವ ಹೊರಡುವಾಗ ಎಲ್ಸ್‌ಪೆತ್‌ಗೆ ಕನ್ನಡದಲ್ಲೇ ಹೇಳುವ ಹುಮ್ಮಸ್ಸು ಬಂತು. "ಮುಂದಿನ ಸ್ವಾಮಾರ ಹೊಲಿಗಿ ತಗಸಾಕ ಬರ್ರಿ" ಎನ್ನಬೇಕಿತ್ತು. ನನ್ನ ಹೆಂಡತಿಯ ಒಲೆಯ ಮುಂದೆ ಕಲಿತ ಕನ್ನಡ. "ಮುಂದಿನ ಸ್ವಾಮಾರ ಹೋಳಗಿ ತಗೊಂಡ ಬರ್ರಿ" ಎಂದಿದ್ದಳು. ಕೈ ತೊಳೆಯುತ್ತಿದ್ದ ನನಗೆ ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಶಂಕ್ರವ್ವನಿಗೆ ಸರಿಯಾಗಿ ಕೇಳಿಸಿತ್ತು.

ಸೋಮವಾರ ಸ್ಟೀಲಿನ ಡಬ್ಬಿ ಹೊತ್ತು ಬಂದಳು. ಕೈಯ ಪಟ್ಟಿ ಬಿಚ್ಚಿದರೆ ಒಳಗೆಲ್ಲ ಕಣಕದ ಹಿಟ್ಟು, ತುದಿಯ ಒಂದು ಹೊಲಿಗೆ ಹರಿದಿದೆ.

"ಈ ಕೈಲೆ ಹೋಳಗಿ ತಟ್ಟಂತ ಯಾರ ಹೇಳಿದ್ರವಾ?" ಎಂದು ಕೂಗಿಕೊಂಡೆ.

"ಎಲ್ಲವ್ವನ ಹೇಳ್ಯಾಳರಿ. ಡಾಕ್ಟರ ಬಾಯಿ ಬಿಟ್ಟ ಕೇಳಿದ ಮ್ಯಾಲೆ ಸೊಸಿ ಕೈಲೆ ಮಾಡಸಾಕ ಬರ್ತೈತೇನ್ರಿ?"

ನಾನು ಅರ್ಥ ಬಿಡಿಸಿ ಹೇಳಿದಾಗ ಎಲ್ಸ್‌ಪೆತ್ ಕಿವಿಯವರೆಗೆ ಕೆಂಪಾದಳು. ಶಂಕ್ರವ್ವ ಮಾತ್ರ ನನ್ನನ್ನು ದಾಟಿ ಆಕೆಯ ಕಡೆಗೇ ಕೈ ಚಾಚಿದಳು. "ಒಂದ ಹೊಲಿಗಿ ಹೋತು, ಡಬ್ಬಿ ತುಂಬ ಹೋಳಗಿ ಬಂದೂವು. ಲುಕ್ಸಾನ ಏನಾತ್ರಿ? ಹಾಕವಾ ಎಲ್ಲವ್ವ, ಇನ್ನೊಂದ ಹೊಲಿಗಿ ಹಾಕು."

ಎಲ್ಸ್‌ಪೆತ್ ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಗಾಯ ಕೂಡಿತ್ತು, ಹರಿದ ತುದಿಯಲ್ಲಷ್ಟೇ ಉಗುರಿನಷ್ಟು ಬಿಟ್ಟಿತ್ತು. "ಬ್ಯಾಡ್ರಿ, ಪಟ್ಟಿ ಸಾಕು," ಎಂದಳು. ಹೇಳುವ ಮುಂಚೆ ಒಮ್ಮೆಯೂ ನನ್ನ ಮುಖ ನೋಡಲಿಲ್ಲ.